ಭೂಸಂರಕ್ಷಣೆಯ ನಕ್ಷೆಗಾರರ ಸ್ಥಳೀಯ ಕೂಟಗಳು

ಹಿಂದಿನ ಕಾಲದಲ್ಲಿ ಗ್ರಾಮವೊಂದಕ್ಕೆ ಒಂದೇ ನಕ್ಷೆ ಸಾಕಾಗಿದ್ದಿತು. ಅರಿವೆಯ ಮೇಲೆ ಅಂಟಿಸಿ ಸುರುಳಿ ಸುತ್ತಿದ ಆ ಗ್ರಾಮನಕ್ಷೆಯು ಶ್ಯಾನುಭೋಗರ ದಫ್ತರದಲ್ಲಿರುತ್ತಿತ್ತು. ಸರ್ವೆ ನಂಬರುಗಳ ಎಲ್ಲೆ, ಬಾಂದುಕಲ್ಲು, ಕೆರೆ, ಹಳ್ಳ, ಗಾಡಿದಾರಿ, ಗೋಮಾಳ, ಇವಿಷ್ಟು ಅದರಲ್ಲಿ ಕಾಣಿಸಿದರೆ ಕಂದಾಯದ ಕೆಲಸಕ್ಕೆ ಬೇರೇನೂ ಬೇಕಿರಲಿಲ್ಲ. ಈಗಿನ ಸ್ಥಿತಿಯು ಹಾಗಿಲ್ಲ. ಅದೇ ಗ್ರಾಮಕ್ಕೆ ಮಣ್ಣಿನ ನಕ್ಷೆಯೊಂದು, ಅಂತರ್ಜಲದ್ದೊಂದು, ಜಲಾನಯನದ್ದೊಂದು, ಅರಣ್ಯದ ಎಲ್ಲೆಯದೊಂದು, ಕಾಡಂಚಿನ ಸೀಮೆಯಾದರೆ ಆನೆಗಳ ಸಂಚಾರದ ದಾರಿಯದೊಂದು, ಹೀಗೆ ಐದಾರು ನಕ್ಷೆಗಳು ಸಿದ್ಧವಾಗುತ್ತಿವೆ. ಇವೆಲ್ಲವೂ ಸಂರಕ್ಷಣೆಗಾಗಿಯೇ ಹುಟ್ಟಿದವು. ಆದರೆ ಒಂದೊಂದನ್ನು ಒಂದೊಂದು ಕಛೇರಿಯವರು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಳತೆಯಲ್ಲಿ ಬರೆದಿರುತ್ತಾರೆ. ನೆಲ ಮಾತ್ರ ಒಂದೇ. ಅದನ್ನು ಉಳುವವನೂ ಒಬ್ಬನೇ. ಈ ನಕ್ಷೆಗಳು ಒಂದಕ್ಕೊಂದು ಹೊಂದದೆ ಹೋದಾಗ ನಷ್ಟವು ತಟ್ಟುವುದು ಅವನಿಗೇ ಹೊರತು ನಕ್ಷೆ ಬರೆದವರಿಗಲ್ಲ.

ಈ ಕಾರಣದಿಂದಲೇ ಸಂರಕ್ಷಣೆಯ ನಕ್ಷೆಗಾರರು ತಮ್ಮ ತಮ್ಮ ಊರಿನಲ್ಲಿ ಆಗಾಗ್ಗೆ ಒಂದೆಡೆ ಸೇರುವ ಪದ್ಧತಿಯು ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಅಮೆರಿಕದಲ್ಲಿ ಈ ಕಸುಬಿನವರು 1997ರಲ್ಲಿ ಸಂಘವೊಂದನ್ನು ಕಟ್ಟಿಕೊಂಡರು. ಭೂಮಾಹಿತಿಯನ್ನು ಗಣಕಯಂತ್ರದಲ್ಲಿ ಪದರ ಪದರವಾಗಿ ಜೋಡಿಸುವ ಜಿ.ಐ.ಎಸ್. ಎಂಬ ಕ್ರಮವನ್ನು ಕಾಡು, ನೀರು, ಮಣ್ಣು, ಜೀವಜಾತಿಗಳ ರಕ್ಷಣೆಗೆ ಬಳಸುವವರೆಲ್ಲರೂ ಅದಕ್ಕೆ ಸೇರಬಹುದು. ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಸಮ್ಮೇಳನದ ವಿಷಯವು ಹಾಗಿರಲಿ. ಹೆಚ್ಚಿನ ಕೆಲಸವಾಗುವುದು ಊರೂರಿನ ಸಣ್ಣ ಕೂಟಗಳಲ್ಲಿ. ಅಲ್ಲಿ ಭಾಷಣಗಳು ಕಡಿಮೆ. ಹದಿನೈದು ಇಪ್ಪತ್ತು ಮಂದಿ ಒಂದು ಮೇಜಿನ ಸುತ್ತ ಕುಳಿತು, ಒಬ್ಬರ ನಕ್ಷೆಯನ್ನು ಮತ್ತೊಬ್ಬರದರ ಮೇಲೆ ಇಟ್ಟು ನೋಡುತ್ತಾರೆ. ಹೊಂದದ ಕಡೆಯಲ್ಲಿ ಮಾತು ಆರಂಭವಾಗುತ್ತದೆ.

ಈ ವಿದ್ಯೆಯ ಹುಟ್ಟಿಗೇ ಇಂತಹ ಒಂದು ಭೇಟಿಯು ಕಾರಣವಾಯಿತೆಂಬುದು ಗಮನಾರ್ಹವಾಗಿದೆ. ಕೆನಡಾ ದೇಶದಲ್ಲಿ 1961ರಲ್ಲಿ ಹಳ್ಳಿಗಾಡಿನ ವ್ಯವಸಾಯದ ಪುನರುದ್ಧಾರಕ್ಕಾಗಿ ಒಂದು ಕಾಯಿದೆಯು ಜಾರಿಗೆ ಬಂದಿತು. ಅದರ ಮೇರೆಗೆ ಬೇಸಾಯ, ಅರಣ್ಯ, ವನ್ಯಜೀವಿ ಮತ್ತು ವಿಹಾರ, ಇವುಗಳಿಗೆ ಯಾವ ನೆಲವು ಎಷ್ಟರಮಟ್ಟಿಗೆ ಯೋಗ್ಯವೆಂಬುದನ್ನು ದೇಶದ ಬಹುಭಾಗಕ್ಕೆ ನಕ್ಷೆಯಲ್ಲಿ ಗುರುತಿಸಬೇಕಾಗಿದ್ದಿತು. ಬೇಸಾಯದ ದೃಷ್ಟಿಯಿಂದ ಭೂಮಿಯನ್ನು ಏಳು ತರಗತಿಗಳಾಗಿ ವಿಂಗಡಿಸಿದರು. ನಕ್ಷೆ ಬರೆಯುವುದು ಹೇಗಾದರೂ ಆದೀತು. ಸಾವಿರಾರು ನಕ್ಷೆಗಳನ್ನು ಒಂದರ ಮೇಲೊಂದಿಟ್ಟು ಪ್ರತಿಯೊಂದು ತುಂಡಿನ ವಿಸ್ತೀರ್ಣವನ್ನು ಕೈಯಿಂದ ಲೆಕ್ಕ ಮಾಡುವುದು ಅಸಾಧ್ಯವೆಂದು ಕಂಡಿತು. 1962ರಲ್ಲಿ ಈ ಕಾರ್ಯದ ಮುಖ್ಯಾಧಿಕಾರಿಯಾದ ಲೀ ಪ್ರ್ಯಾಟ್ ಎಂಬವರು ವಿಮಾನದಲ್ಲಿ ಪ್ರಯಾಣ ಮಾಡುತ್ತಿದ್ದಾಗ ಪಕ್ಕದ ಆಸನದಲ್ಲಿ ರೋಜರ್ ಟಾಮ್ಲಿನ್ಸನ್ ಎಂಬ ತರುಣ ಭೂಗೋಳಜ್ಞನು ಕುಳಿತಿದ್ದನು. ಅವನು ನಕ್ಷೆಗಳನ್ನು ಗಣಕಯಂತ್ರಕ್ಕೆ ಒಪ್ಪಿಸುವ ಯೋಚನೆಯಲ್ಲಿದ್ದನು. ಇಬ್ಬರ ಮಾತುಕತೆಯಿಂದ ಕೆನಡಾದ ಭೂಮಾಹಿತಿ ವ್ಯವಸ್ಥೆಯು ಹುಟ್ಟಿತು. ಲೋಕದಲ್ಲಿ ಅದೇ ಮೊದಲನೆಯದು. ಸರಕಾರದ ಒಂದು ಕಛೇರಿಗೆ ಬೇಕಾದ ವಿದ್ಯೆಯು ಅದೇ ಊರಿನ ಮತ್ತೊಂದು ಕಛೇರಿಯಲ್ಲಿದ್ದು, ಇಬ್ಬರೂ ಭೇಟಿಯಾಗಲು ಆಕಾಶವನ್ನೇರಬೇಕಾಯಿತು. ಸ್ಥಳೀಯ ಕೂಟಗಳ ಉದ್ದೇಶವೇನೆಂದರೆ, ಇಂತಹ ಭೇಟಿಯನ್ನು ಅದೃಷ್ಟಕ್ಕೆ ಬಿಡದೆ ತಿಂಗಳಿಗೊಮ್ಮೆಯಾದರೂ ಒದಗಿಸುವುದು.

ನಕ್ಷೆಯ ಮೇಲೆ ನಕ್ಷೆಯನ್ನಿಡುವುದರಿಂದ ಆಗುವ ಪ್ರಯೋಜನಕ್ಕೆ ಹವಾಯಿ ದ್ವೀಪಗಳ ಉದಾಹರಣೆಯು ಪ್ರಸಿದ್ಧವಾಗಿದೆ. ಅಲ್ಲಿ ಅಳಿವಿನಂಚಿನ ಕಾಡುಹಕ್ಕಿಗಳು ಎಲ್ಲೆಲ್ಲಿ ಬಾಳುತ್ತಿವೆಯೆಂಬುದನ್ನು ಮೈಕೇಲ್ ಸ್ಕಾಟ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ನಡೆದು ಗುರುತಿಸಿದರು. ಆ ನಕ್ಷೆಯನ್ನು ರಕ್ಷಿತ ಪ್ರದೇಶಗಳ ನಕ್ಷೆಯೊಡನೆ ಹೋಲಿಸಿದಾಗ ಹಕ್ಕಿಗಳ ನೆಲೆಯಲ್ಲಿ ನೂರಕ್ಕೆ ಹತ್ತು ಪಾಲು ಕೂಡ ರಕ್ಷಣೆಯೊಳಗೆ ಬಂದಿರಲಿಲ್ಲ. ಹಕ್ಕಿಯ ವಿಷಯ ತಿಳಿದವರೂ ಇದ್ದರು, ರಕ್ಷಿತಾರಣ್ಯದ ಎಲ್ಲೆ ತಿಳಿದವರೂ ಇದ್ದರು. ಎರಡನ್ನೂ ಕೂಡಿಸಿ ನೋಡಿದ ಬಳಿಕ 1985ರಲ್ಲಿ ಹಕಲಾವು ಎಂಬ ಅರಣ್ಯವು ಹಕ್ಕಿಗಳಿಗಾಗಿ ಪ್ರತ್ಯೇಕಿಸಲ್ಪಟ್ಟಿತು.

ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ಇರುವ ತೊಡಕುಗಳನ್ನು ಇನ್ನು ನೋಡಬಹುದು. ಮೊದಲನೆಯದು ಅಳತೆಯ ಪ್ರಮಾಣ. ಗ್ರಾಮನಕ್ಷೆಯು ಮೈಲಿಗೆ ಎಂಟು ಅಂಗುಲದ ಪ್ರಮಾಣದ್ದು, ಅಂದರೆ 1:7,920. ಅದರಲ್ಲಿ ಚೌಕವಾದ ಒಂದು ಎಕರೆಯು ಬದಿಗೆ 8 ಮಿಲಿಮೀಟರಿನಷ್ಟು ಕಾಣುತ್ತದೆ. 1:50,000 ಪ್ರಮಾಣದ ಸರ್ವೆ ಹಾಳೆಯಲ್ಲಿ ಅದೇ ಎಕರೆಯು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ರಾಜ್ಯಕ್ಕೆಲ್ಲ ಒಟ್ಟಾಗಿ ಬರೆಯುವ 1:2,50,000 ಪ್ರಮಾಣದ ಮಣ್ಣಿನ ಅಥವಾ ಸಸ್ಯಗಳ ನಕ್ಷೆಯಲ್ಲಿ ಅದು ಕಾಲು ಮಿಲಿಮೀಟರು. ಲೇಖನಿಯ ಗೆರೆಯೇ ಅದಕ್ಕಿಂತ ದಪ್ಪ. ದೊಡ್ಡ ಪ್ರದೇಶದ ನಕ್ಷೆಯನ್ನು ಗಣಕಯಂತ್ರದ ತೆರೆಯ ಮೇಲೆ ಹಿಗ್ಗಿಸಿ, ಇಂತಹವನ ಹೊಲವು ಇಂತಹ ಮಣ್ಣಿನದೆಂದು ತೀರ್ಮಾನಿಸುವವರು ಈ ಲೆಕ್ಕವನ್ನು ಮರೆಯುತ್ತಾರೆ. ತೆರೆಯನ್ನು ಹಿಗ್ಗಿಸಬಹುದು, ಅಳೆಯದ ವಿವರವನ್ನು ಹಿಗ್ಗಿಸಿ ಪಡೆಯಲಾಗದು.

ಎರಡನೆಯದು ನೆಲೆಯ ತೊಡಕು. ಬ್ರಿಟಿಷ್ ಅಧಿಕಾರಿ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಸರಪಣಿಯಿಂದ ಅಡಿಗೆರೆಯೊಂದನ್ನು ಅಳೆದನು. ತರುವಾಯ ದೇಶವನ್ನೆಲ್ಲ ತ್ರಿಕೋನಗಳಿಂದ ಅಳೆದಾಗ ಎವರೆಸ್ಟ್ ಎಂಬವನು 1830ರಲ್ಲಿ ಗೊತ್ತುಪಡಿಸಿದ ಭೂಗೋಳದ ಆಕಾರವನ್ನು ಲೆಕ್ಕಕ್ಕೆ ಆಧಾರವಾಗಿ ಹಿಡಿದರು. ಹಳೆಯ ಸರ್ವೆ ಹಾಳೆಗಳೆಲ್ಲ ಅದನ್ನನುಸರಿಸಿದವು. ಉಪಗ್ರಹಗಳೂ ಕೈಯಲ್ಲಿ ಹಿಡಿಯುವ ಸ್ಥಾನಸೂಚಕ ಯಂತ್ರಗಳೂ ಬೇರೊಂದು ಆಧಾರವನ್ನು ಬಳಸುತ್ತವೆ. 2005ರ ರಾಷ್ಟ್ರೀಯ ನಕ್ಷಾನೀತಿಯ ನಂತರ ಸಾರ್ವಜನಿಕರಿಗಾಗಿ ಹೊರಡಿಸಿದ ಹಾಳೆಗಳು ಈ ಹೊಸ ಆಧಾರಕ್ಕೆ ಬಂದವು. ಹಳೆಯದರಿಂದ ಎತ್ತಿಕೊಂಡ ಗೆರೆಯನ್ನು ಲೆಕ್ಕ ತಿದ್ದದೆ ಹೊಸದರ ಮೇಲಿಟ್ಟರೆ ಅದು ನೂರು ಮೀಟರಿಗೂ ಹೆಚ್ಚು ದೂರ ಜರುಗುತ್ತದೆ. ಕಾಡಿನ ನಡುವೆ ಇದು ಅಷ್ಟಾಗಿ ತಿಳಿಯದು. ಕಾಡಂಚಿನಲ್ಲಿ ಎರಡೆಕರೆ ಹಿಡುವಳಿಯುಳ್ಳ ಒಕ್ಕಲಿನವನಿಗೆ ಅದೇ ನೂರು ಮೀಟರು ಅವನ ಹೊಲದ ಒಂದು ಬದುವಿನಿಂದ ಇನ್ನೊಂದು ಬದುವಿನವರೆಗಿನ ದೂರ. ಪೂರ್ತಿ ಹಿಡುವಳಿಯೇ ಕಾಡಿನೊಳಕ್ಕೆ ಹೋದಂತೆ ತೋರಬಹುದು.

ಗ್ರಾಮನಕ್ಷೆಗಳಿಗೆ ತಮ್ಮದೇ ಆದ ದೋಷಗಳುಂಟು. 33 ಅಡಿಯ ಸರಪಣಿಯಿಂದ ಅಳೆದು, ಗುಂಟೆ ಆಣೆಗಳ ಲೆಕ್ಕದಲ್ಲಿ ಟಿಪ್ಪಣಿ ಬರೆದು, ಅದರಿಂದ ಗ್ರಾಮದ ಚಿತ್ರವನ್ನು ಕೂಡಿಸಿದ್ದಾರೆ. ಆ ಕಾಲದ ಮೋಜಿಣಿದಾರರ ಶ್ರದ್ಧೆಯು ಮೆಚ್ಚತಕ್ಕದ್ದು. ಆದರೆ ಕಾಗದವು ಹವೆಗೆ ಹಿಗ್ಗಿ ಕುಗ್ಗುತ್ತದೆ. ಒಂದೊಂದು ಗ್ರಾಮವನ್ನು ಬಿಡಿಯಾಗಿ ಬರೆದಿರುವುದರಿಂದ ನೆರೆಹೊರೆಯ ಎರಡು ಗ್ರಾಮಗಳ ಅಂಚನ್ನು ಕೂಡಿಸಿದಾಗ ಕೆಲವೆಡೆ ಯಾರಿಗೂ ಸೇರದ ಸಂದು ಉಳಿಯುತ್ತದೆ, ಕೆಲವೆಡೆ ಒಂದರ ಮೇಲೊಂದು ಹತ್ತಿಕೊಳ್ಳುತ್ತದೆ. ಈಗ ದಿಶಾಂಕ್ ಎಂಬ ಸಾಧನದಲ್ಲಿ ನಿಂತ ನೆಲದ ಸರ್ವೆ ನಂಬರನ್ನು ಯಾರಾದರೂ ದೂರವಾಣಿಯಲ್ಲಿಯೇ ನೋಡಬಹುದಾಗಿದೆ. ಅನುಕೂಲವಾದ ಏರ್ಪಾಡು. ಅದರ ಗೆರೆಯನ್ನೇ ಹಿಡಿದು ಬದುವಿನ ಜಗಳವನ್ನು ತೀರಿಸಿಕೊಳ್ಳಹೊರಡುವುದು ಮಾತ್ರ ತರವಲ್ಲ. ಎಲ್ಲೆಯ ನಿರ್ಣಯವು ಅಳತೆಯಿಂದಲೇ ಆಗತಕ್ಕದ್ದು.

ಮಣ್ಣು ಮತ್ತು ನೀರಿನ ಸಂರಕ್ಷಣೆಯಲ್ಲಿ ಈ ರಾಜ್ಯವು ಮಾಡಿದ ನಕ್ಷಾಕಾರ್ಯವು ದೊಡ್ಡದು. ಸುಜಲ ಯೋಜನೆಯು 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಐದು ಜಿಲ್ಲೆಗಳಿಗೆ ಮಂಜೂರಾಯಿತು. ಅದರ ಮೂರನೆಯ ಹಂತವು 2012ರಲ್ಲಿ ಮಂಜೂರಾಗಿ, 11 ಜಿಲ್ಲೆಗಳ ಕಿರುಜಲಾನಯನಗಳಲ್ಲಿ ಭೂಸಂಪನ್ಮೂಲದ ತಪಶೀಲು ತಯಾರಿಸಲ್ಪಟ್ಟಿತು. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಮಣ್ಣು ಸಮೀಕ್ಷಾ ಕೇಂದ್ರವೂ ರಾಜ್ಯದ ಕೃಷಿ ವಿಶ್ವವಿದ್ಯಾನಿಲಯಗಳೂ ಈ ಕೆಲಸವನ್ನು ಹಂಚಿಕೊಂಡವು. ವಿಶೇಷವೇನೆಂದರೆ, ಈ ಸಮೀಕ್ಷೆಗೆ ಗ್ರಾಮನಕ್ಷೆಯನ್ನೇ ಬುಡವಾಗಿಟ್ಟುಕೊಂಡರು. ಸಮೀಕ್ಷಕರು ದಿಣ್ಣೆಯ ನೆತ್ತಿಯಿಂದ ಹಳ್ಳದ ತಗ್ಗಿನವರೆಗೆ ನಡೆದು, ಆಯ್ದ ಸ್ಥಳಗಳಲ್ಲಿ ಆಳುದ್ದದ ಗುಣಿಗಳನ್ನು ತೋಡಿ, ಮಣ್ಣಿನ ಪದರಗಳನ್ನು ಪರೀಕ್ಷಿಸಿದರು. ಮಣ್ಣಿನ ಆಳ, ಇಳಿಜಾರು, ಗರಸು, ಕೊಚ್ಚಣೆ, ಇವನ್ನೆಲ್ಲ ಸರ್ವೆ ನಂಬರಿನ ಮಟ್ಟಕ್ಕೆ ಗುರುತಿಸಿ, ರೈತನ ಕೈಗೆ ಚೀಟಿಯ ರೂಪದಲ್ಲಿ ಕೊಡುವ ಏರ್ಪಾಡೂ ಆಯಿತು. ಅದರ ಮುಂದುವರಿಕೆಯಾಗಿ ರಿವಾರ್ಡ್ ಎಂಬ ಯೋಜನೆಯು ಬಂದಿದೆ.

ಇಂತಹ ನಕ್ಷೆಯಲ್ಲಿ ಒಂದು ತಪ್ಪು ನುಸುಳಿದರೆ ಏನಾಗುತ್ತದೆಂಬುದನ್ನು ವ್ಯವಸಾಯಗಾರರು ಸುಲಭವಾಗಿ ಊಹಿಸಬಲ್ಲರು. ಕೆಂಪು ಮಸಾರಿಯಲ್ಲಿ ಸಮಪಾತಳಿ ಬದು ಹಾಕಿದರೆ ನೀರು ಅಲ್ಲಿಯೇ ಇಂಗುತ್ತದೆ. ಆಳವಾದ ಎರೆಯಲ್ಲಿ ಅದನ್ನೇ ಹಾಕಿದರೆ ನೀರು ಇಂಗದೆ ಬದುವಿನ ಮೇಲ್ಗಡೆ ನಿಂತು ಬೆಳೆಯು ಕೊಳೆಯುತ್ತದೆ; ಬೇಸಗೆಯಲ್ಲಿ ಬದು ಬಿರುಕುಬಿಟ್ಟು ಮುಂದಿನ ಮಳೆಗೆ ಒಡೆಯುತ್ತದೆ. ಎರೆಗೆ ಅಲ್ಪ ಇಳಿಜಾರು ಕೊಟ್ಟು ಹೆಚ್ಚಿನ ನೀರನ್ನು ಸಾವಕಾಶವಾಗಿ ಹೊರಬಿಡುವ ಬದುವೇ ಯೋಗ್ಯ. ಮಣ್ಣಿನ ಆಳವು 25 ಸೆಂಟಿಮೀಟರಿಗೂ ಕಡಿಮೆಯಿರುವಲ್ಲಿ ಕಂದಕ ತೋಡಹೊರಟರೆ ಸಿಗುವುದು ಬಂಡೆಯೇ. ಇಂಗುಕೆರೆಯ ವಿಷಯದಲ್ಲಿ ಮಣ್ಣಿನ ಸಮೀಕ್ಷಕನ ಮಾತಷ್ಟೇ ಸಾಲದು. ಕೆಳಗಿನ ಶಿಲೆಯಲ್ಲಿ ಬಿರುಕುಗಳುಂಟೇ ಎಂಬುದನ್ನು ಅಂತರ್ಜಲದವರು ಹೇಳಬೇಕು. ಇಬ್ಬರ ನಕ್ಷೆಗಳೂ ಬೇರೆ ಬೇರೆ ಬೀರುಗಳಲ್ಲಿ ಉಳಿದರೆ ಕೆರೆಯು ಎಲ್ಲಿ ಅಗೆಯಲು ಸುಲಭವೋ ಅಲ್ಲಿ ಆಗುತ್ತದೆ. ಇಂತಹ ಕೆರೆಗಳು ಎಷ್ಟೋ ಕಡೆ ಕಾಣಸಿಗುತ್ತವೆ.

ನಕ್ಷೆಗಾರರು ಕೂಡಿ ಕುಳಿತುಕೊಳ್ಳದಿದ್ದರೆ ಆಗುವ ತೊಂದರೆಗೆ ಪಶ್ಚಿಮ ಘಟ್ಟಗಳ ವಿಷಯಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮಾಧವ ಗಾಡ್ಗೀಳರ ಅಧ್ಯಕ್ಷತೆಯ ತಜ್ಞಮಂಡಲಿಯು 2011ರಲ್ಲಿ ವರದಿ ಕೊಟ್ಟಿತು. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿಯು 2013ರಲ್ಲಿ ಕೊಟ್ಟಿತು. ಘಟ್ಟಗಳ ಒಟ್ಟು ವಿಸ್ತೀರ್ಣವೇ ಮೊದಲಿನದರಲ್ಲಿ 1,29,037 ಚದರ ಕಿಲೋಮೀಟರು, ಎರಡನೆಯದರಲ್ಲಿ 1,64,280. ಬೆಟ್ಟಗಳು ಎರಡು ವರ್ಷದಲ್ಲಿ ಬೆಳೆಯಲಿಲ್ಲ. ಎಲ್ಲಿಂದ ಎಲ್ಲಿಯವರೆಗೆ ಘಟ್ಟವೆಂಬ ಲಕ್ಷಣವನ್ನು ಇಬ್ಬರೂ ಬೇರೆ ಬೇರೆಯಾಗಿ ಇಟ್ಟುಕೊಂಡರು. ಮೊದಲಿನವರು ನೆಲವನ್ನು ಸುಮಾರು 9 ಕಿಲೋಮೀಟರು ಬದಿಯ ಚೌಕಗಳಾಗಿ ವಿಂಗಡಿಸಿದರು. ಒಂದು ಚೌಕವೆಂದರೆ ಇಪ್ಪತ್ತು ಸಾವಿರ ಎಕರೆ. ಅದರಲ್ಲಿ ಕಾಡು, ಗದ್ದೆ, ತೋಟ, ಊರು ಎಲ್ಲವೂ ಇರಬಹುದು. ಎರಡನೆಯವರು ಉಪಗ್ರಹದ ಚಿತ್ರವನ್ನು 24 ಮೀಟರು ಬದಿಯ ಚುಕ್ಕೆಗಳಲ್ಲಿ ನೋಡಿದರು. ಒಂದು ಚುಕ್ಕೆಗೆ ಆರು ಗುಂಟೆಗಿಂತ ಕಡಿಮೆ. ಆದರೆ ಕೊನೆಗೆ ಗ್ರಾಮವನ್ನು ಘಟಕವಾಗಿ ಹಿಡಿದು, ನೂರರಲ್ಲಿ 20 ಪಾಲು ಅಥವಾ ಹೆಚ್ಚು ಸೂಕ್ಷ್ಮಪ್ರದೇಶವಿದ್ದ ಗ್ರಾಮವನ್ನು ಪೂರ್ತಿಯಾಗಿ ಪಟ್ಟಿಗೆ ಸೇರಿಸಿದರು. ಉಳಿದ ಎಂಬತ್ತು ಪಾಲು ಗದ್ದೆ ತೋಟಗಳಾಗಿರಬಹುದಾದ ಗ್ರಾಮದ ಒಕ್ಕಲಿನವನು ತನ್ನ ಅಡಿಕೆ ತೋಟವು ಸೂಕ್ಷ್ಮಪ್ರದೇಶವಾದುದು ಹೇಗೆಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಮರದ ನೆರಳಿನಲ್ಲಿ ಬೆಳೆದ ಕಾಫಿಯನ್ನು ಮೇಲಿನಿಂದ ನೋಡಿ ಕಾಡಿನಿಂದ ಬೇರ್ಪಡಿಸುವುದು ಯಂತ್ರಕ್ಕೂ ಕಷ್ಟ.

2014ರಿಂದ ಕೇಂದ್ರ ಸರಕಾರವು ಕರಡು ಪ್ರಕಟಣೆಗಳನ್ನು ಹೊರಡಿಸುತ್ತ ಬಂದಿದ್ದು, ಆರನೆಯದು 2024ರ ಜುಲೈ 31ರಂದು ಹೊರಬಂದಿತು. ಅವುಗಳಂತೆ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ಯಾವ ವರದಿಯು ಸರಿಯೆಂಬ ವಾದವನ್ನು ಇಲ್ಲಿ ಎತ್ತಬೇಕಾದ ಅಗತ್ಯವಿಲ್ಲ. ಮೊದಲಿನ ಮಂಡಲಿಯೇ ಒಂದು ಮಾತನ್ನು ಹೇಳಿದ್ದಿತು: ತಾವು ತೋರಿಸಿದ್ದು ತಾತ್ಕಾಲಿಕ ವಿಂಗಡಣೆ, ಕೊನೆಯ ಎಲ್ಲೆಯು ಗ್ರಾಮಸಭೆಗಳ ಅಭಿಪ್ರಾಯ ಪಡೆದು ಕಿರುಜಲಾನಯನ ಮತ್ತು ಗ್ರಾಮಗಳ ಎಲ್ಲೆಗಳನ್ನನುಸರಿಸಿ ಆಗಬೇಕು, ಎಂದು. ಅದರಷ್ಟು ಸಾವಕಾಶದ ಕೆಲಸವು ಬೇರೊಂದಿಲ್ಲವಾದ್ದರಿಂದ ಅದು ಹಾಗೆಯೇ ಉಳಿಯಿತು. ಘಟ್ಟದ ಒಂದೊಂದು ತಾಲ್ಲೂಕಿನಲ್ಲಿ ಅರಣ್ಯದವರೂ ತೋಟಗಾರಿಕೆಯವರೂ ಮೋಜಿಣಿಯವರೂ ವಿಜ್ಞಾನಿಗಳೂ ಗ್ರಾಮನಕ್ಷೆಯನ್ನು ಮುಂದಿಟ್ಟುಕೊಂಡು ಕೂಡಿದ್ದರೆ, ಈ ಹತ್ತು ಹನ್ನೆರಡು ವರ್ಷಗಳ ತಕರಾರಿನಲ್ಲಿ ಸಾಕಷ್ಟು ಭಾಗವು ನಿಂತಲ್ಲಿಯೇ ಬಗೆಹರಿಯುತ್ತಿತ್ತು.

ಆನೆಯ ದಾರಿಗಳ ವಿಷಯವೂ ಹೀಗೆಯೇ. ದೇಶದಲ್ಲಿ ಇಂತಹ ದಾರಿಗಳು 2017ರ ಒಂದು ಗ್ರಂಥದಂತೆ 101. ಸರಕಾರದ 2023ರ ವರದಿಯಂತೆ 150. ದಾರಿಯೆಂದು ಯಾವುದನ್ನು ಕರೆಯಬೇಕೆಂಬುದರ ಮೇಲೆ ಎಣಿಕೆಯು ನಿಂತಿದೆ. ಚಾಮರಾಜನಗರದಂತಹ ಜಿಲ್ಲೆಯಲ್ಲಿ ಈ ದಾರಿಯ ಗೆರೆಯು ಜಲಾನಯನದವರ ಹಾಳೆಯಲ್ಲಿ ಇಲ್ಲದಿದ್ದರೆ, ಆನೆಗಳು ನಡೆಯುವ ತಾವಿನಲ್ಲಿಯೇ ಕೃಷಿಹೊಂಡ ತೋಡಿ, ಅವುಗಳನ್ನು ನೀರಿಗೆ ಕರೆದು, ಪಕ್ಕದ ಜೋಳಕ್ಕೆ ಒಡ್ಡಿದಂತಾಗುತ್ತದೆ.

ಕೂಟವನ್ನು ನಡೆಸುವ ಬಗೆಯನ್ನು ಕುರಿತು ಅನುಭವಸ್ಥರು ಪಾಲಿಸುವ ಕೆಲವು ಕ್ರಮಗಳುಂಟು. ಜಿಲ್ಲೆಗೊಂದು ಸಾಕು, ಕಛೇರಿಯ ವೇಳೆ ಮುಗಿದ ಮೇಲೆ ಎರಡು ಗಂಟೆಗಳ ಕಾಲ. ಮೇಲಧಿಕಾರಿಗಳು ಅಧ್ಯಕ್ಷತೆ ವಹಿಸಿದರೆ ಕಿರಿಯರು ತಪ್ಪನ್ನು ತಪ್ಪೆಂದು ಹೇಳಲು ಹಿಂಜರಿಯುತ್ತಾರಾದ್ದರಿಂದ ಆ ಗೌರವವನ್ನು ಬೇರೆ ಸಭೆಗಳಿಗೆ ಮೀಸಲಿಡುವುದು ಲೇಸು. ಬರುವವರೆಲ್ಲರೂ ಒಂದೇ ಕಿರುಜಲಾನಯನದ ತಮ್ಮ ತಮ್ಮ ನಕ್ಷೆಯನ್ನು ತರತಕ್ಕದ್ದು. ಐನೂರು ಹೆಕ್ಟೇರಿನ ಸುಮಾರಿನ ಆ ತುಂಡು ಒಂದು ಸಂಜೆಯ ಮಾತಿಗೆ ತಕ್ಕ ಅಳತೆ. ಪ್ರತಿ ನಕ್ಷೆಯ ಮೂಲೆಯಲ್ಲಿ ನಾಲ್ಕು ಸಂಗತಿಗಳು ಇರಲೇಬೇಕು: ಅಳತೆಯ ಪ್ರಮಾಣ, ಆಧಾರವಾದ ಭೂಗೋಳದ ಆಕಾರ, ಸ್ಥಳಪರೀಕ್ಷೆಯ ತಿಂಗಳು ಮತ್ತು ವರ್ಷ, ನಡೆದು ನೋಡಿದವರು ಯಾರೆಂಬುದು. ಕೊನೆಯದಿಲ್ಲದ ನಕ್ಷೆಗಳು ಹೆಚ್ಚುತ್ತಿರುವುದು ಶೋಚನೀಯ. 2021ರಲ್ಲಿ ಕೇಂದ್ರ ಸರಕಾರವು ನಕ್ಷೆ ತಯಾರಿಕೆಯ ಮೇಲಿನ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿದ ಮೇಲೆ ಕುರ್ಚಿಯಿಂದ ಏಳದೆ ನಕ್ಷೆ ಬರೆಯುವುದು ಇನ್ನಷ್ಟು ಸುಲಭವಾಗಿದೆ.

ಎಲ್ಲವನ್ನೂ ಎಲ್ಲರಿಗೂ ತೋರಿಸುವುದೂ ಸಲ್ಲದು. ಶ್ರೀಗಂಧದ ಮರವೊಂದೊಂದರ ಸ್ಥಾನವನ್ನು ಅಂಗುಲ ತಪ್ಪದಂತೆ ಗುರುತಿಸಿದ ನಕ್ಷೆಯು ಕಳ್ಳನಿಗೆ ದಾರಿದೀಪ. ಅಪರೂಪದ ಪ್ರಾಣಿಯ ಗೂಡು, ಬಿಲಗಳೂ ಹಾಗೆಯೇ. ಯಾವುದನ್ನು ಹಂಚಬೇಕು, ಯಾವುದನ್ನು ಮಸುಕುಗೊಳಿಸಬೇಕು ಎಂಬುದನ್ನು ಕೂಟದಲ್ಲಿಯೇ ಮೊದಲು ಮಾತನಾಡಿಕೊಂಡರೆ ಆಮೇಲೆ ವೈಮನಸ್ಯಕ್ಕೆ ಎಡೆಯಿರುವುದಿಲ್ಲ.

ಕೂಟವು ಕಛೇರಿಯ ಜನರದಷ್ಟೇ ಆದರೆ ಅದರ ಬೆಲೆಯು ಅರ್ಧಕ್ಕಿಳಿಯುತ್ತದೆ. ಆಯಾ ಕಿರುಜಲಾನಯನದ ಇಬ್ಬರು ಮೂವರು ಹಿರಿಯ ರೈತರನ್ನು ಕರೆಯುವುದು ವಿಹಿತ. ಮಣ್ಣಿನ ಹೆಸರುಗಳು ಅವರಿಗೆ ನಕ್ಷೆಗಿಂತ ಮೊದಲೇ ಗೊತ್ತು: ಎಲ್ಲಿ ಎರೆ, ಎಲ್ಲಿ ಮಸಾರಿ, ಎಲ್ಲಿ ಗರಸು, ಯಾವ ಮೂಲೆಗೆ ಚೌಳು ಹತ್ತಿದೆ, ಯಾವ ಹಳ್ಳವು ದಿಕ್ಕು ಬದಲಿಸಿತು, ಕೆರೆಯ ಕೋಡಿಯು ಹಿಂದೆ ಎಲ್ಲಿದ್ದಿತು. ಉಪಗ್ರಹದ ಚಿತ್ರದಲ್ಲಿ ಪಾಳು ಎಂದು ಕಾಣುವ ಹೊಲವು ಆ ವರ್ಷ ಮಳೆ ತಪ್ಪಿ ಬಿತ್ತದೆ ಉಳಿದದ್ದೆಂದು ಹೇಳಬಲ್ಲವರು ಅವರೇ. ಬರುವ ರೈತರು ಪಹಣಿಯ ಪ್ರತಿಯನ್ನು ತರುವುದು ಒಳ್ಳೆಯದು. ಪೋಡಿಯಾಗದ ಹಿಸ್ಸೆಗಳಿದ್ದಲ್ಲಿ ಯಾರ ಅನುಭವದಲ್ಲಿ ಎಷ್ಟಿದೆಯೆಂಬುದನ್ನು ಬಾಯಿಮಾತಿನಲ್ಲಾದರೂ ತಿಳಿಸಿದರೆ ಚೀಟಿಗಳು ತಪ್ಪು ಹೆಸರಿಗೆ ಹೋಗುವುದು ತಪ್ಪುತ್ತದೆ.

ಮೇಜಿನ ಮೇಲೆ ಸಂಶಯ ಹುಟ್ಟಿದ ಸ್ಥಳಗಳನ್ನು ಪಟ್ಟಿ ಮಾಡಿಕೊಂಡು ಕೂಟದವರು ಒಟ್ಟಾಗಿ ಹೋಗಿ ನೋಡತಕ್ಕದ್ದು. ಇದಕ್ಕೆ ಸುಗ್ಗಿ ಮುಗಿದ ಮೇಲಿನ ಎರಡು ತಿಂಗಳು ತಕ್ಕ ಕಾಲ. ಆಗ ಬದು, ಕೊರಕಲು, ಬಾಂದುಕಲ್ಲುಗಳು ಬೆಳೆಯ ಮರೆಯಿಲ್ಲದೆ ಕಾಣುತ್ತವೆ. ಎರೆಯ ಬಿರುಕಿನಿಂದಲೇ ಅದರ ಆಳವನ್ನು ಅಂದಾಜು ಮಾಡಬಹುದು. ಬೇಸಗೆಯ ಮೊದಲ ಹದಮಳೆ ಬಿದ್ದು ನೇಗಿಲು ಹೂಡಿದ ಮೇಲೆ ಹೊಲದಲ್ಲಿ ಗುಣಿ ತೋಡಲು ಯಾವ ಒಕ್ಕಲಿನವನೂ ಒಪ್ಪುವುದಿಲ್ಲ. ಒಪ್ಪಬೇಕಾದ ಕಾರಣವೂ ಇಲ್ಲ.